ಕೆಮ್ಮಿಲ್ಲದ ದನಿ

ಬಂಗಾರಪೇಟೆ ರೈಲ್ವೆ ಸ್ಟೇಷನ್ನಿನ ಎದುರು ಸಾಲಿನಲ್ಲಿ ಒಂದು ಜೆರಾಕ್ಸ್ ಅಂಗಡಿಯಿದೆ. ಅಲ್ಲಿ ಕಂಪ್ಯೂಟರಿನ ಮುಂದೆ ಕೂರುವ ಭಾನುಪ್ರಿಯಳ ಕೈಗೆ ಸಿಕ್ಕ ಯಾವ ಮುಖವೂ ಕಲೆ ಉಳಿಸಿಕೊಂಡು ಹೊರಗೆ ಹೋದದ್ದಿಲ್ಲ. ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕುವವರಿರಲಿ, ಪಿಂಚಣಿಗೆ ಅಲೆಯುವ ಮುದುಕಿಯರಿರಲಿ, ಫೋಟೋದ ಹಿಂಬದಿಯನ್ನು ಬೆಳ್ಳಗೆ ಮಾಡಿ, ಮೊಡವೆ ಅಳಿಸಿ, ಕೆದರಿದ ಕೂದಲು ಸವರಿ, ಅರ್ಜಿ ಕೇಳಿದ ಅಳತೆಗೆ ಇಳಿಸಿ ಕೊಡುವುದು ಅವಳ ಕೆಲಸ. ಒಮ್ಮೆ ಸೀಬೆಹಣ್ಣು ಮಾರುವ ಮುನಿಗಂಗಮ್ಮ ತನ್ನ ಫೋಟೋ ನೋಡಿ, "ಇದು ನಾನಲ್ಲ ಕಣೇ, ನನ್ ಕೆನ್ನೆ ಮೇಲಿದ್ ಮಚ್ಚೆ ಎಲ್ಲೋಯ್ತು?" ಎಂದು ಜಗಳಕ್ಕೇ ನಿಂತಿದ್ದಳು. ಭಾನುಪ್ರಿಯ ನಕ್ಕು, ಅಳಿಸಿದ್ದನ್ನು ಒಂದು ಗುಂಡಿ ಒತ್ತಿ ವಾಪಸ್ ತಂದಳು. ಅಂಗಡಿಯಲ್ಲಿದ್ದವರೆಲ್ಲ ಅದನ್ನು ಹೇಳಿಕೊಂಡು ವಾರಗಟ್ಟಲೆ ನಕ್ಕರು.

ಭಾನುಪ್ರಿಯಳದು ಕೆಜಿಎಫ್ ರಸ್ತೆಯ ಮಗ್ಗುಲಿನ ಹಳ್ಳಿ. ಮದುವೆಯಾಗಿ ಹೋದ ಮನೆ ಸರಿಬರಲಿಲ್ಲ. ಒಂದು ಮಧ್ಯಾಹ್ನ ಬ್ಯಾಗು ಹಿಡಿದು ವಾಪಸ್ ಬಂದಾಗ ಅಪ್ಪ ಕದಿರಪ್ಪ ಹಸುವಿಗೆ ಹುಲ್ಲು ಹಾಕುತ್ತಿದ್ದ. ಯಾಕೆ ಬಂದೆ, ಏನಾಯಿತು, ಯಾರು ತಪ್ಪು ಎಂದು ಊರೆಲ್ಲ ಕೇಳಿತು. ಕದಿರಪ್ಪ ಮಾತ್ರ, "ಬಾ ಅಮ್ಮಣ್ಣಿ, ಉಂಡಿದ್ಯಾ?" ಎಂದು ಬ್ಯಾಗು ಇಸಿದುಕೊಂಡ. ಆಮೇಲೆ ಆ ವಿಷಯಕ್ಕೆ ತುಟಿ ಬಿಚ್ಚಲಿಲ್ಲ. ಮಾತೇ ಕಡಿಮೆಯ ಮನುಷ್ಯ.

ಮಾತು ಕಡಿಮೆ, ಕೆಮ್ಮು ಜಾಸ್ತಿ. ಕೆಜಿಎಫ್‌ನ ನಂದಿದುರ್ಗ ಚಿನ್ನದ ಗಣಿಯಲ್ಲಿ ಬಂಡೆ ಕೊರೆಯುತ್ತಿದ್ದವನು ಅವನು. ಬೆಳಿಗ್ಗೆ ಬಂಗಾರಪೇಟೆಗೆ ಸೈಕಲ್ ತುಳಿದು, ಮಾರಿಕುಪ್ಪಂ ರೈಲು ಹತ್ತಿ, ಭೂಮಿಯೊಳಗೆ ಇಳಿದು ಬರುತ್ತಿದ್ದ. ಗಣಿ ಮುಚ್ಚಿದ ಮೇಲೆ ಸೈಕಲ್ಲು ಮೂಲೆಗೆ ಸೇರಿತು, ಅವನು ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕತೊಡಗಿದ. ಒಳಗೆ ಕುಡಿದ ಧೂಳು ಮಾತ್ರ ಅವನ ಜೊತೆ ಉಳಿಯಿತು. ಎರಡು ಸಣ್ಣ ಕೆಮ್ಮು, ಒಂದು ಉದ್ದ ಕೆಮ್ಮು, ಆಮೇಲೆ ಗಂಟಲು ಸರಿಮಾಡಿಕೊಳ್ಳುವ ಸದ್ದು. ಗಣಿಯ ಕಾಲದಿಂದಲೂ ಅದು ಬೀದಿಯ ತಿರುವಿನಲ್ಲಿ ಕೇಳಿಸಿತೆಂದರೆ ಹೆಂಡತಿ ಮುನಿರತ್ನಮ್ಮ ಒಲೆಯ ಮೇಲೆ ನೀರಿಡುತ್ತಿದ್ದಳು.

ಭಾನುಪ್ರಿಯಳಿಗೆ ವಿಕಿಪೀಡಿಯದ ಗೀಳು ಹತ್ತಿದ್ದು ಅಂಗಡಿಯಲ್ಲೇ. ಕಾಲೇಜಿನ ಮೇಡಂ ಅನಸೂಯಮ್ಮ ಎರಡು ದಿನದ ತರಬೇತಿಯ ಪ್ರಕಟಣೆ ಟೈಪು ಮಾಡಿಸಲು ಬಂದಿದ್ದರು. ಯಾರು ಬೇಕಾದರೂ ಬರೆಯಬಹುದಾದ, ಚಿತ್ರ, ದನಿ ಸೇರಿಸಬಹುದಾದ ವಿಶ್ವಕೋಶ ಎಂದು ಟೈಪು ಮಾಡುತ್ತ ಮಾಡುತ್ತ, "ಮೇಡಂ, ನಾನೂ ಬರ್ಬೋದಾ?" ಎಂದಳು. ಮೊದಲ ದಿನ ಕಲಿತು ಬಂದಳು. ಮಾರನೆಯ ದಿನ ಎಲ್ಲರೂ ತಮ್ಮ ಕಡೆಯ ಒಂದು ಪದವನ್ನು ಯಾರ ಬಾಯಲ್ಲಾದರೂ ಹೇಳಿಸಿ, ಮೊಬೈಲಿನಲ್ಲಿ ಹಿಡಿದು ತರಬೇಕಿತ್ತು. ಕೋರಮಂಡಲ್, ಮೈಸೂರು ಮೈನ್ಸ್ ಕಡೆಯ ಗಣಿಗಳ ಫೋಟೋ ಬೇಕಾದಷ್ಟಿವೆ, ಒಳಗೆ ದುಡಿದವರ ದನಿ ಯಾರೂ ಹಾಕಿಲ್ಲ ಎಂದು ಮೇಡಂ ಹೇಳಿದ್ದು ಅವಳ ತಲೆಯಲ್ಲಿ ಕೂತಿತ್ತು.

ಬೆಳಿಗ್ಗೆ ಹಾಲು ಕರೆದು ಬಂದ ಅಪ್ಪನ ಬಾಯಿಗೆ ಮೊಬೈಲು ಹಿಡಿದಳು. ಪದ 'ಸಂಗು'. ಗಣಿಯ ಪಾಳಿ ಬದಲಾಗುವಾಗ ಕೂಗುತ್ತಿದ್ದ ಸೈರನ್ನಿಗೆ ಅಲ್ಲಿಯ ತಮಿಳರು ಇಟ್ಟ ಹೆಸರು, ಎಲ್ಲರ ಬಾಯಲ್ಲೂ ಅದೇ ಆಗಿತ್ತು. ನಿನ್ನ ದನಿಯನ್ನು ಯಾರು ಬೇಕಾದರೂ ಬಳಸಬಹುದು, ಅದಕ್ಕೆ ನಿನ್ನ ಒಪ್ಪಿಗೆ ಬೇಕು ಎಂದಾಗ ಕದಿರಪ್ಪನಿಗೆ ನಗು ಬಂತು.

"ಗಣಿಯೋರು ನನ್ ಎದೆ ತಗೊಂಡ್ರು, ಯಾವನೂ ಒಪ್ಪಿಗೆ ಕೇಳ್ಲಿಲ್ಲ. ದನಿಗೆ ಕೇಳ್ತಾರಾ? ತಗೊಂಡೋಗ್ಲಿ ಬಿಡು."

ತರಬೇತಿಯಲ್ಲಿ ಅವಸರ. ಬೆಳಿಗ್ಗೆ ಹಿಡಿದ ಎರಡು ಮೂರು ಕಡತಗಳಲ್ಲಿ ಕೈಗೆ ಸಿಕ್ಕಿದ್ದನ್ನು ಕೇಳಿಯೂ ನೋಡದೆ, ಅದಕ್ಕೆ ಬೇಕಾದ ನಮೂನೆಗೆ ಬದಲಿಸಿ, ಹೆಸರು ಕೊಟ್ಟು, ವಿವರ ಬರೆದು ಏರಿಸಿಬಿಟ್ಟಳು. ಮರುದಿನ ಅಂಗಡಿಯಲ್ಲಿ ಇಯರ್‌ಫೋನ್ ಹಾಕಿ ಕೇಳಿದಾಗ ಮುಖ ಬಿಸಿಯಾಯಿತು. ಕೋಳಿಯ ಸದ್ದು, ಅಪ್ಪನ ಕೆಮ್ಮು, ನಡುವೆ ತನ್ನದೇ ದನಿ. ಪ್ರಪಂಚವೆಲ್ಲ ಕೇಳುವ ಜಾಗದಲ್ಲಿ ಇದೇನು ಗಲೀಜು! ಅಂದೇ ಮನೆಗೆ ಹೋಗಿ ಹೊಸದಾಗಿ ಹೇಳಿಸಿ, ಚೊಕ್ಕ ಮಾಡಿ, ಹಳೆಯದರ ಮೇಲೆ ಏರಿಸಿದಳು. ಹಳೆಯದು ಅಳಿಸಿಹೋಯಿತು ಎಂದುಕೊಂಡು ನೆಮ್ಮದಿಯಾದಳು.

ಅಲ್ಲಿಂದ ಭಾನುವಾರ ಬಂತೆಂದರೆ ಕದಿರಪ್ಪನಿಗೆ ಪರೀಕ್ಷೆ. ಆಳುಗಳನ್ನು ಇಳಿಸುವ ಕೇಜು, ಅದು ಇಳಿಯುವ ಶಾಫ್ಟು, ಪಾಳಿ, ಒಳಗಿನ ಕತ್ತಲೆಗೆ ಇದ್ದ ಹೆಸರು, ಬಂಡೆ ಸಿಡಿಯುವ ಮುಂಚಿನ ಸದ್ದಿಗೆ ಇದ್ದ ಹೆಸರು. ಮಗಳು ಬೆರಳು ಎತ್ತುವವರೆಗೆ ಅವನು ಬಿಸಿನೀರು ಗುಟುಕರಿಸಿ, ಎದೆ ಒತ್ತಿ ಹಿಡಿದು ಕೂರುತ್ತಿದ್ದ. ಬೆರಳು ಎದ್ದಕೂಡಲೇ ಒಂದು ಪದ ಹೇಳಿ, ಎದ್ದುಬಿದ್ದು ಹಿತ್ತಲಿಗೆ ಓಡಿ ಅಲ್ಲಿ ಕೆಮ್ಮುತ್ತಿದ್ದ. ಮುನಿರತ್ನಮ್ಮ ಬಾಗಿಲಲ್ಲಿ ನಿಂತು, "ಅದೇನ್ ಇಂಸೆ ಕೊಡ್ತೀಯೇ, ಕೆಮ್ಮೋ ಮನ್ಸನ್ನ ಕೆಮ್ಬೇಡ ಅಂದ್ರೆ?" ಎನ್ನುತ್ತಿದ್ದಳು. ಹಾಗಿದ್ದೂ ನುಸುಳಿಕೊಂಡ ಕೆಮ್ಮನ್ನು ಭಾನುಪ್ರಿಯ ಅಂಗಡಿಯ ಕಂಪ್ಯೂಟರಿನಲ್ಲಿ ಹುಡುಕಿ ಕತ್ತರಿಸುತ್ತಿದ್ದಳು. ಪದದ ಹಿಂದಿನ ಉಸಿರು, ಮುಂದಿನ ಉಬ್ಬಸ, ಹಸುವಿನ ಕೂಗು ಎಲ್ಲ ಹೋಗಿ ಪದವೊಂದೇ ಉಳಿಯಬೇಕು. ಕತ್ತರಿಸಿದ ಮೇಲೆ ಮೂಲವನ್ನು ಇಡುತ್ತಿರಲಿಲ್ಲ, ಮೊಬೈಲಿನಲ್ಲಿ ಜಾಗವಿರುತ್ತಿರಲಿಲ್ಲ. ಪ್ರೀತಿಯಿಂದಲೇ ಮಾಡಿದಳು ಎಂಬುದರಲ್ಲಿ ಅನುಮಾನವಿಲ್ಲ. ಅಪ್ಪನನ್ನು ಲೋಕದ ಮುಂದೆ ಚೆನ್ನಾಗಿ ಕಾಣಿಸಬೇಕೆಂಬ ಆಸೆ ಯಾವ ಮಗಳಿಗಿಲ್ಲ?

ಹೋದ ಚಳಿಗಾಲ ಕದಿರಪ್ಪ ತೀರಿಕೊಂಡ. ಕೊನೆಯ ವಾರ ಕೆಮ್ಮುವುದಕ್ಕೂ ಅವನಲ್ಲಿ ಶಕ್ತಿಯಿರಲಿಲ್ಲ.

ಕಾರ್ಯ ಮುಗಿದು, ನೆಂಟರು ಹೋಗಿ, ಮನೆ ಬಣಗುಟ್ಟಿತು. ಮುನಿರತ್ನಮ್ಮ ಹೆಚ್ಚು ಅಳಲಿಲ್ಲ. ಆದರೆ ಹೊತ್ತು ಇಳಿಯುವಾಗ ಒಲೆಯ ಮುಂದೆ ಕೂತು ಬೀದಿಗೆ ಕಿವಿ ಕೊಡುವುದನ್ನು ಬಿಡಲಿಲ್ಲ. ಒಂದು ಸಂಜೆ ಅವಳೇ ಕೇಳಿದಳು: "ಅದ್ರಾಗೆ ನಿಮ್ ನಾಯ್ನನ ದನಿ ಐತಲ್ಲ, ಒಂದ್ಕಿತ ಆಕು."

ಭಾನುಪ್ರಿಯ ಉತ್ಸಾಹದಿಂದ ಮೊಬೈಲು ತೆಗೆದು ಒಂದೊಂದಾಗಿ ಹಾಕಿದಳು. ಕೇಜು. ಶಾಫ್ಟು. ಪಾಳಿ. ತಾಯಿ ಕತ್ತು ಓರೆ ಮಾಡಿ ಕೇಳಿದಳು. ಮುಖ ಅರಳಲಿಲ್ಲ.

"ಇದ್ಯಾರೇ?"

"ನಾಯ್ನಾನೇ ಕಣಮ್ಮ."

"ರೇಡಿಯೋದೋರು ಮಾತಾಡ್ದಂಗೈತೆ. ಇವ್ರು ಗಣಿಗ್ ಇಳ್ದೋರಲ್ಲ ಬಿಡು. ಕೆಮ್ಮೇ ಇಲ್ವಲ್ಲೇ." ಮಗುವಿನ ಹಾಗೆ ಕೇಳಿದಳು: "ಕೆಮ್ಮಿರೋದು ಒಂದೂ ಇಲ್ವಾ?"

ಭಾನುಪ್ರಿಯಳಿಗೆ ಮುನಿಗಂಗಮ್ಮನ ಮಚ್ಚೆ ನೆನಪಾಯಿತು. ಅಂದು ಒಂದು ಗುಂಡಿ ಒತ್ತಿದರೆ ವಾಪಸ್ ಬಂದಿತ್ತು. ಇಂದು ಯಾವ ಗುಂಡಿ ಒತ್ತುವುದು? ಮೊಬೈಲು ಜಾಲಾಡಿದಳು, ಅಂಗಡಿಯ ಕಂಪ್ಯೂಟರನ್ನು ಮೂಲೆಮೂಲೆ ತಡಕಿದಳು. ನೆಂಟರ ಮದುವೆಯ ವೀಡಿಯೋಗಳಲ್ಲಿ ಹುಡುಕಿದರೆ ವಾದ್ಯದ ಗದ್ದಲದಲ್ಲಿ ಕದಿರಪ್ಪ ಸುಮ್ಮನೆ ಕೈಮುಗಿದು ನಿಂತಿದ್ದ. ನಲವತ್ತು ಚಿಲ್ಲರೆ ಕಡತಗಳಿದ್ದವು, ಒಂದರಲ್ಲೂ ಅಪ್ಪ ಇರಲಿಲ್ಲ. ಅವನ ಎದೆಯಿಂದ ಗಣಿಯನ್ನು ತೆಗೆಯಲು ಯಾವ ಡಾಕ್ಟರಿಗೂ ಆಗಿರಲಿಲ್ಲ, ದನಿಯಿಂದ ಅವಳೇ ತೆಗೆದುಹಾಕಿದ್ದಳು. ಅಂಗಡಿಯಲ್ಲಿ ಯಾರದೋ ಫೋಟೋದ ಕಲೆ ಅಳಿಸಲು ಕೂತವಳು ಅಳಿಸಲಾರದೆ, ಹಾಗೇ ಪ್ರಿಂಟು ತೆಗೆದುಕೊಟ್ಟು ಬೈಸಿಕೊಂಡಳು.

ಹಲವು ದಿನಗಳ ಮೇಲೆ, ತಾನು ಏರಿಸಿದ ಕಡತಗಳ ವಿವರಗಳಲ್ಲಿ ಅಪ್ಪನ ಹೆಸರಿನ ಹಿಂದೆ 'ದಿವಂಗತ' ಎಂದು ಸೇರಿಸಬೇಕು ಅನ್ನಿಸಿತು. ಮೊದಲು ಏರಿಸಿದ್ದು 'ಸಂಗು' ಆದ್ದರಿಂದ ಅದರಿಂದಲೇ ಶುರುಮಾಡಿದಳು. ಆ ಒಂದು ಪದವನ್ನು ಟೈಪು ಮಾಡುವಷ್ಟರಲ್ಲಿ ಕಣ್ಣು ಮಂಜಾಗಿ, ಪುಟ ಕೈತಪ್ಪಿ ಕೆಳಕ್ಕೆ ಸರಿಯಿತು. ತಳದಲ್ಲಿ 'ಕಡತದ ಇತಿಹಾಸ' ಎಂದಿತ್ತು. ಅದರಡಿ ಒಂದಲ್ಲ, ಎರಡು ಸಾಲು. ಮೇಲಿನದು ಈಗಿನ ಕಡತ. ಕೆಳಗಿನದು ತರಬೇತಿಯ ದಿನದ್ದು. ಅವಳು ಅಳಿಸಿದೆನೆಂದುಕೊಂಡಿದ್ದನ್ನು ಆ ವಿಶ್ವಕೋಶ ಬಿಸಾಡಿರಲೇ ಇಲ್ಲ.

ಅಲ್ಲೇ ಅದನ್ನು ಒತ್ತಿ ಕೇಳಲು ಧೈರ್ಯ ಬರಲಿಲ್ಲ. ಅಂಗಡಿಗೆ ಬೀಗ ಹಾಕಿ, ಸಿಕ್ಕ ಬಸ್ಸು ಹತ್ತಿ ಮನೆಗೆ ಬಂದಳು. ತಾಯಿ ಒಲೆಯ ಮುಂದಿದ್ದಳು. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಇಬ್ಬರ ನಡುವೆ ಮೊಬೈಲು ಇಟ್ಟು ಒತ್ತಿದಳು.

ಕೋಳಿ ಕೂಗಿತು. ಉಬ್ಬಸದ ಉಸಿರು. "ಸಂಗು..." ಎಂದ ಕದಿರಪ್ಪ. ಎರಡು ಸಣ್ಣ ಕೆಮ್ಮು, ಒಂದು ಉದ್ದ ಕೆಮ್ಮು, ಗಂಟಲಿನ ಸದ್ದು. ಮುನಿರತ್ನಮ್ಮನ ಕೈ ತಾನಾಗಿ ನೀರಿನ ತಪ್ಪಲೆಗೆ ಹೋಯಿತು, ಅರ್ಧಕ್ಕೇ ನಿಂತಿತು. ಕೂಡಲೇ ಒಂದು ಹೆಣ್ಣುದನಿ ಸಿಡುಕಿತು:

"ಥೂ, ಕೆಟ್ಟೋಯ್ತು! ಒಂದ್ ಮಾತು ಕೆಮ್ದೆ ಯೋಳಕ್ಕಾಗಲ್ವಾ ನಾಯ್ನ ನಿಂಗೆ?"

ಕದಿರಪ್ಪನ ಸಣ್ಣ ದನಿ: "ತಪ್ಪಾಯ್ತು ಅಮ್ಮಣ್ಣಿ. ಇನ್ನೊಂದ್ಕಿತ ಯೋಳ್ತೀನಿ, ಇರು."

ಅಷ್ಟೇ ಇದ್ದದ್ದು. ಮುನಿರತ್ನಮ್ಮ ಅಳುತ್ತ ನಗುತ್ತ, "ಇವ್ರೇ. ಇವ್ರೇ ಕಣೇ. ಇನ್ನೊಂದ್ಕಿತ ಆಕು" ಎಂದಳು. ಭಾನುಪ್ರಿಯ ಹಾಕಿದಳು. ತಾಯಿ ಮತ್ತೆ ಕೇಳಿದಳು, ಮಗಳು ಮತ್ತೆ ಹಾಕಿದಳು. ತಾಯಿಗೆ ಕೆಮ್ಮು ಕೇಳಿಸುತ್ತಿತ್ತು, ಮಗಳಿಗೆ ತನ್ನ ಸಿಡುಕು ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ. ನಾಲ್ಕನೆಯ ಸಲ ತಡೆಯಲಾರದೆ, ಕೆಮ್ಮು ಮುಗಿದೊಡನೆ ನಿಲ್ಲಿಸಲು ಹೆಬ್ಬೆರಳು ಮುಂದೆ ಚಾಚಿದಳು. ತಾಯಿ ಅವಳ ಮಣಿಕಟ್ಟು ಹಿಡಿದುಕೊಂಡಳು.

"ನಿಲ್ಲಿಸ್ಬೇಡ ಕಣಮ್ಮ. ನೀ ಬೈದ್ಮೇಲೇ ಅವ್ರು ಅಮ್ಮಣ್ಣಿ ಅನ್ನೋದು."

ಭಾನುಪ್ರಿಯ ಬೆರಳು ಹಿಂದಕ್ಕೆ ತೆಗೆದುಕೊಂಡು, ಪೂರ್ತಿ ಕೇಳಿದಳು.