ಹೊಲಕ್ಕೆ ಸೀರೆ ಉಡಿಸಿದ ಕಾಕು

ನಾನು ಕಮಲಾಪುರಕ್ಕೆ ಸೊಸೆಯಾಗಿ ಬಂದದ್ದು ನಿಜಾಮರ ಕಾಲದಲ್ಲಿ. ನೆರೆಮನೆಯ ಹಿರಿಯಾಕೆ ಕಾಕು ದಾರಿಯಲ್ಲಿ ಕಂಡ ಒಣ ಎಲೆಯನ್ನೆಲ್ಲ ಸೆರಗಿಗೆ ತುಂಬಿಕೊಂಡೇ ಮನೆಗೆ ಬರುತ್ತಿದ್ದಳು. ಇಳಿಜಾರಿನಲ್ಲಿದ್ದ ಅವಳ ಕೆಂಪು ಹೊಲ ಪ್ರತಿ ಮಳೆಗೂ ಕೊಚ್ಚಿಹೋಗುತ್ತಿತ್ತು. ಇನ್ನೊಂದೆರಡು ಮಳೆಗೆ ಬಿತ್ತಲು ಮಣ್ಣೇ ಉಳಿಯುವಂತಿರಲಿಲ್ಲ. "ಭೂಮಿತಾಯಿ ಬರೇ ಮೈಲೆ ಇರಬಾರ್ದವಾ," ಎನ್ನುತ್ತಲೇ ಇರುತ್ತಿದ್ದಳು.

ಒಂದು ಬೇಸಿಗೆ ಕಲಬುರ್ಗಿಯ ಮದುವೆಗೆ ನನ್ನನ್ನೂ ಕರೆದೊಯ್ದಳು. ಊಟ ಮುಗಿದದ್ದೇ ತಡ, ಚಪ್ಪರದ ಸೊಪ್ಪು, ಉಂಡೆಸೆದ ಪತ್ರಾವಳಿ ಎಲ್ಲವನ್ನೂ ಬಂಡಿಗೆ ಹೇರಿಸಿದಳು. ಬೀಗರು ಬೆಪ್ಪಾಗಿ ನಿಂತರು. ಮರಳುವ ದಾರಿಯಲ್ಲಿ ಸುಂಕದ ನಾಕಾದಲ್ಲಿ ಜವಾನ ಬಂಡಿ ತಡೆದು, "ಕ್ಯಾ ಅಮ್ಮಾ, ಇದೇನ್ ಸಾಮಾನ?" ಎಂದು ಕೇಳಿದ.

"ನನ್ನ ಹೊಲಕ್ಕ ಸೀರಿ ರೀ, ಸಾಬ್ರ."

ಅವನು ನಕ್ಕ ರಭಸಕ್ಕೆ ರುಮಾಲೇ ಜಾರಿತು.

ಹೊಲಕ್ಕೆ ಕುರಿಗೊಬ್ಬರ ಬೆರೆಸಿ, ಮೇಲೆ ಎಲೆ ಹಾಸಿ, ಗಾಳಿಗೆ ಹಾರದಂತೆ ತೊಗರಿ ಕಟ್ಟಿಗೆ ಅಡ್ಡಡ್ಡ ಹೇರಿದೆವು. ಮೊದಲ ದೊಡ್ಡ ಮಳೆ ಸುರಿಯುತ್ತಿದ್ದಾಗಲೇ ಇಬ್ಬರೂ ಹೊಲಕ್ಕೆ ಓಡಿದೆವು. ಅಕ್ಕಪಕ್ಕದ ಹೊಲಗಳಿಂದ ಕೆಂಪು ನೀರು ಧುಮುಕುತ್ತಿತ್ತು. ಕಾಕುವಿನ ಹೊಲದಿಂದ ನೀರು ತೆಳ್ಳಗೆ, ತಿಳಿಯಾಗಿ ಇಳಿಯುತ್ತಿತ್ತು. ಅವಳು ಅದನ್ನು ಬೊಗಸೆಯಲ್ಲಿ ಹಿಡಿದು ತೋರಿಸಿದಳು.

"ನೋಡವಾ, ನನ್ನ ಮಣ್ಣು ಮನ್ಯಾಗೇ ಕುಂತದ."

ಆಮೇಲೆ ನನ್ನ ಎರಡೂ ಕೈ ಹಿಡಿದು, ಬದುವಿನ ಪಕ್ಕದ ಕೆಸರಿನಲ್ಲೇ ಗಿರಗಿರನೆ ಫುಗಡಿ ಆಡಿಸಿದಳು. ಕಂಬಳಿ ಕೊಪ್ಪೆ ಹೊದ್ದು ನನ್ನನ್ನು ಬೈಯಲು ಬಂದ ಅತ್ತೆ ಗದರಿಸುತ್ತಲೇ ಹತ್ತಿರ ಬಂದರು, ಗದರಿಸುತ್ತಲೇ ಸೆರಗು ಸಿಕ್ಕಿಸಿಕೊಂಡು ಕಾಕುವಿನ ಕೈಗೆ ಕೈ ಕೊಟ್ಟರು.