ಹೆದರಿದ ಬೆಕ್ಕಿನ ಬಿಳಿ ರಕ್ತಕಣಗಳು

ಹೊಸಪೇಟೆಯ ನನ್ನ ಪಶು ಕ್ಲಿನಿಕ್ಕಿಗೆ ರಕ್ತ ಪರೀಕ್ಷೆಯ ಹೊಸ ಯಂತ್ರ ಬಂದ ವಾರ ಅದು. ಹಂಪಿಯಲ್ಲಿ ಗೆಸ್ಟ್ ಹೌಸ್ ನಡೆಸುವ ಹೆಂಗಸೊಬ್ಬರು ಮರಿಯಾಗದಂತೆ ಆಪರೇಷನ್ ಮಾಡಿಸಲು ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಆಟೋದಲ್ಲಿ ಬಂದರು. ಪರೀಕ್ಷಿಸಿದರೆ ಬಿಳಿ ರಕ್ತಕಣಗಳು ಮಿತಿಮೀರಿದ್ದವು.

“ಸೋಂಕು ಐತ್ರಿ, ಇವತ್ತು ಆಪರೇಷನ್ ಬ್ಯಾಡ” ಎಂದೆ ಗತ್ತಿನಿಂದ.

“ಸೋಂಕೂ ಇಲ್ಲ, ಗೀಂಕೂ ಇಲ್ಲ. ಆಟೋದಾಗ ಭಾಳ ಹೆದರೈತಿ. ಒಂದ್ ತಾಸು ಸುಮ್ನ ಬಿಡ್ರಿ” ಎಂದು ಅವರು ಗದರಿದರು.

ಬೆಕ್ಕನ್ನು ಕತ್ತಲ ಮೂಲೆಯಲ್ಲಿ ಮಲಗಲು ಬಿಟ್ಟು, ಆಮೇಲೆ ಮತ್ತೆ ರಕ್ತ ತೆಗೆದೆ. ಎಲ್ಲ ಸರಿಯಾಗಿತ್ತು! ಹೆದರಿಕೆ, ಉದ್ವೇಗಕ್ಕೂ ಬಿಳಿ ಕಣಗಳು ಏರುತ್ತವೆಂದು ಓದಿದ್ದೆ. ಕಣ್ಣಾರೆ ಕಂಡದ್ದು ಅಂದೇ. ಕುಣಿಯುವಂತಾಯಿತು, ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಆ ಗಳಿಗೆಯಲ್ಲಿ ನನ್ನದೇ ರಕ್ತ ಪರೀಕ್ಷಿಸಿದ್ದರೆ, ನನಗೂ ಸೋಂಕೆಂದೇ ಬರೆದುಬಿಡುತ್ತಿದ್ದೆನೇನೋ.