ಐದನೆಯ ದಿನಕ್ಕೆ ಮೊದಲು

ಮಗಳ ಚೊಚ್ಚಲ ಕೂಸು ಹುಟ್ಟಿದ ಮೂರನೆಯ ದಿನ ಹಾನಗಲ್ಲಿನ ದವಾಖಾನೆಯಲ್ಲಿ ಸತ್ತಿತು. ಗಂಡು ಕೂಸು. ಉಸಿರು ಸರಿಯಾಗಿ ಬರುತ್ತಿರಲಿಲ್ಲ. ಹುಬ್ಬಳ್ಳಿಗೆ ಒಯ್ಯಿರಿ ಅಂದರು, ಗಾಡಿ ಬರುವುದರೊಳಗೆ ಮುಗಿದಿತ್ತು. ಅದನ್ನು ನನ್ನ ಹಳೆಯ ಸೀರೆಯಲ್ಲಿ ಸುತ್ತಿಕೊಂಡು ತಿಳವಳ್ಳಿಗೆ ತಂದೆ. ಬಾಯಿಗೆ ಹಾಲು ಬಿಟ್ಟು, ನಮ್ಮ ಹೊಲದ ಬದುವಿನ ಕೆಳಗೆ ಮಣ್ಣು ಮಾಡಿಸಿದೆ. ನಾಯಿ ಕೆದರಬಾರದೆಂದು ಮೇಲೆ ಜಾಲಿಯ ಮುಳ್ಳು ಹಾಕಿಸಿದೆ. ಮಗಳು ಆಗ ಇನ್ನೂ ದವಾಖಾನೆಯ ಮಂಚದ ಮೇಲಿದ್ದಳು. ಎಲ್ಲಿ ಇಟ್ಟಿರಿ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಮ್ಮ ಕಡೆ ಇದು ಹೀಗೆಯೇ. ಕೂಸು ಹುಟ್ಟಿದ ಐದನೆಯ ದಿನ ರಾತ್ರಿ ಸೆಟಗೆವ್ವ ಎಂಬ ತಾಯಿ ಬಂದು ಅದರ ಹಣೆಯ ಮೇಲೆ ಬರೆದು ಹೋಗುತ್ತಾಳೆ ಎಂದು ನಂಬಿದವರು ನಾವು. ಅವಳಿಗೆಂದು ದೀಪ ಹಚ್ಚಿ, ಹಾಳೆ ಪೆನ್ನು ಇಡುತ್ತೇವೆ. ಬರೆಸಿಕೊಳ್ಳುವ ಮೊದಲೇ ಹೋದ ಕೂಸಿಗೆ ದಿನ ಮಾಡುವುದಿಲ್ಲ, ಕಲ್ಲು ನಿಲ್ಲಿಸುವುದಿಲ್ಲ, ಹೆಸರು ಇಡುವುದಿಲ್ಲ. ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ ಅದನ್ನು ಸೇರಿಸುವುದೂ ಇಲ್ಲ. ಮುಂಗಾರಿಗೆ ಮುಳ್ಳು ತೆಗೆದು, ನೆಲ ಸಮ ಮಾಡಿ ಬಿತ್ತುತ್ತೇವೆ. ನಾನೂ ಬಿತ್ತಿಸಿದೆ. ಗೋವಿನಜೋಳ.

ಬಾಣಂತನ ಮುಗಿಸಿ ಮಗಳು ತಡಸಕ್ಕೆ, ಗಂಡನ ಮನೆಗೆ ಹೋದಳು. ಅಳಿಯ ಗೋಡೆಗೆ ಬಣ್ಣ ಹೊಡೆಯುವ ಕೆಲಸದವನು. ಆ ಮನೆಯವರು ಕೆಲವು ವರ್ಷಗಳಿಂದ ಶಿಗ್ಗಾವಿಯ ಒಂದು ಪ್ರಾರ್ಥನೆಯ ಮನೆಗೆ ಹೋಗುತ್ತಾರೆ. ಅಲ್ಲಿಗೆ ಹೋಗಲು ಶುರು ಮಾಡಿದ ಮೇಲೆ ಅಳಿಯ ಕುಡಿಯುವುದನ್ನು ಬಿಟ್ಟ. ಹಾಗಾಗಿ ನಾನು ಆ ವಿಷಯಕ್ಕೆ ಬಾಯಿ ತೆಗೆದವಳಲ್ಲ. ಕುಡಿಯದ ಅಳಿಯ ಯಾವ ದೇವರ ಕಡೆಯಿಂದ ಬಂದರೂ ನನಗೆ ಅಡ್ಡಿಯಿಲ್ಲ.

ಒಂದು ಬೆಳಿಗ್ಗೆ ಅವನೇ ಫೋನ್ ಮಾಡಿದ. ಅವಳು ಊಟ ಬಿಟ್ಟಿದ್ದಾಳೆ, ನೀರೂ ಒತ್ತಾಯಕ್ಕೆ ಕುಡಿಯುತ್ತಾಳೆ, ಬರ್ರಿ ಅತ್ತಿ, ಅಂದ. ಬಸ್ಸು ಬದಲಿಸಿ ತಡಸ ಮುಟ್ಟಿದೆ.

ಮಗಳು ಗೋಡೆಗೆ ಬೆನ್ನು ಹಚ್ಚಿ ಕುಳಿತಿದ್ದಳು. ಕೈಬಳೆ ಮೊಣಕೈಗೆ ಜಾರುತ್ತಿದ್ದವು. ಬಹಳ ಹೊತ್ತು ಕೇಳಿದ ಮೇಲೆ ಹೇಳಿದಳು. ಮನುಷ್ಯ ತಾಯಿಯ ಹೊಟ್ಟೆಯಿಂದಲೇ ಪಾಪಿಯಾಗಿ ಬರುತ್ತಾನೆ ಎಂದು ಭಾನುವಾರ ಪಾಸ್ಟರು ಹೇಳಿದ್ದರಂತೆ. ಆ ಮಾತನ್ನು ಮೊದಲೂ ಎಷ್ಟೋ ಸಲ ಕೇಳಿದ್ದಳು, ತಾಗಿರಲಿಲ್ಲ. ಈ ಸಲ ತಾಗಿತು. ಅದರ ಮೇಲೆ, ಪಕ್ಕದಲ್ಲಿ ಕುಳಿತಿದ್ದ ಹೆಂಗಸೊಬ್ಬಳು, ಪ್ರಾರ್ಥನೆಯಿಲ್ಲದೆ, ದೀಕ್ಷೆಯ ನೀರಿಲ್ಲದೆ ಹೋದ ಕೂಸು ಎಲ್ಲಿರುತ್ತದೋ ಯಾರಿಗೆ ಗೊತ್ತು ಅಂದಿದ್ದಳು. ಅವತ್ತಿನಿಂದ ಇವಳಿಗೆ ತುತ್ತು ಇಳಿದಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ‘ಸರಿಯಾಗಿ ಮೊಲಿನೂ ಚೀಪಲಿಲ್ಲ ಅದು. ಪಾಪ ಯಾವಾಗ ಮಾಡ್ತು?’ ಅಂದೆ. ಮಾಡೋದಲ್ಲವ್ವ, ಹುಟ್ಟಿನ್ಯಾಗ ಇರ್ತೈತಂತ, ಅಂದಳು. ನನಗೆ ತಿಳಿದ ಸಮಾಧಾನ ಒಂದೇ ಇತ್ತು, ಅದನ್ನು ಹೇಳಿದೆ. ಸೆಟಗೆವ್ವ ಬರುವ ಮೊದಲೇ ಹೋಯಿತು, ಅದರ ಹಣೆ ಖಾಲಿ ಇತ್ತು, ಒಳ್ಳೆಯದೂ ಇಲ್ಲ ಕೆಟ್ಟದ್ದೂ ಇಲ್ಲ, ಅಂದೆ. ಅವಳ ಮುಖ ಇನ್ನಷ್ಟು ಬಿಗಿಯಿತು. ಮುಂದಿದ್ದ ಊಟದ ತಟ್ಟೆಯನ್ನು ಕಾಲಿನಿಂದ ದೂರ ಸರಿಸಿ ಗೋಡೆಯ ಕಡೆ ತಿರುಗಿದಳು.

ಭಾನುವಾರದವರೆಗೆ ಅಲ್ಲೇ ಉಳಿದೆ. ಗಂಜಿ ಮಾಡಿ ಬಾಯಿಗೆ ಹಿಡಿಯುತ್ತಿದ್ದೆ, ಎರಡು ಗುಟುಕಿಗೆ ಹಲ್ಲು ಕಚ್ಚುತ್ತಿದ್ದಳು. ರೊಟ್ಟಿ ಬಡಿಯುವಾಗ ಅಳಿಯ ಬಂದು ಬಾಗಿಲಲ್ಲಿ ನಿಂತು ಹೋಗುತ್ತಿದ್ದ. ಆ ಮನೆಯಲ್ಲಿ ಎಲ್ಲರೂ ಕಾಲು ಸಪ್ಪಳವಾಗದಂತೆ ಓಡಾಡುತ್ತಿದ್ದರು.

ಭಾನುವಾರ ಮಗಳು ಅಳಿಯನ ಜೊತೆ ನಾನೂ ಶಿಗ್ಗಾವಿಗೆ ಹೋದೆ. ತಗಡಿನ ಮಾಡಿನ ಒಂದು ಉದ್ದನೆಯ ಕೋಣೆ. ಪಾಸ್ಟರು ನನ್ನ ಮಗನ ವಾರಿಗೆಯವನು, ಸಣ್ಣ ದನಿಯ ಮನುಷ್ಯ. ಪ್ರಾರ್ಥನೆ ಮುಗಿದು ಕುರ್ಚಿ ಎತ್ತುವಾಗ ಅವನ ಮುಂದೆ ನಿಂತೆ. ಕೂತ್ಕೋರಿ ಅವ್ವಾರ, ಅಂದ. ಕೂರಲು ಬಂದಿಲ್ಲ ಅಂದೆ.

ನನ್ನ ತಾಯಿ ಹುಟ್ಟಿದ ಓಣಿಯವರಿಗೆ ಊರಿನವರು ನೀರನ್ನು ಮೇಲಿನಿಂದ ಸುರಿಯುತ್ತಿದ್ದರು, ಕೊಡ ತಾಗಿಸುತ್ತಿರಲಿಲ್ಲ. ಹುಟ್ಟಿದ್ದೇ ಹೊಲಸು ಅನ್ನುವ ಮಾತು ನಮಗೆ ಹೊಸದಲ್ಲ, ಅದನ್ನು ಕೇಳಿ ಕೇಳಿ ದಡ್ಡುಗಟ್ಟಿದ ಕಿವಿ ನಮ್ಮವು. ಅದನ್ನು ದಾಟಿ ಬರಲು ನಮ್ಮ ಮಕ್ಕಳು ಪಟ್ಟ ಪಾಡು ನೋಡಿದವಳು ನಾನು. ಈಗ ನೀವೂ ಬಂದು ಅದನ್ನೇ ಮೂರು ದಿನದ ಕೂಸಿಗೆ ಅಂಟಿಸುತ್ತೀರಲ್ಲ, ಅಂದೆ.

ಅವನು ಸಿಟ್ಟಾಗಲಿಲ್ಲ. ನಾನೂ ಅಂಥದೇ ಓಣಿಯಿಂದ ಬಂದವನು ಅಂದ. ‘ನಿಮಗಷ್ಟ ಹೇಳೂದಿಲ್ರಿ ಅವ್ವಾರ. ಗೌಡರ ಮನ್ಯಾಗ ಹುಟ್ಟಿದವರೂ ಪಾಪಿಗಳ. ಪಾಪದಾಗ ಎಲ್ಲಾರೂ ಒಂದ. ಅದಕ್ಕ ನಾ ಇದನ್ನ ಹಿಡಕೊಂಡೇನಿ.’

‘ಹಂಗಾರ ಮೊದಲ ಅವರಿಗೆ ಹೇಳಿ ಮುಗಸ್ರಿ,’ ಅಂದೆ. ‘ಆಮ್ಯಾಲೆ ನಮ್ಮ ಕೂಸಿನ ತನಕ ಬರ್ರಿ.’

ಹಿಂದೆ ಯಾರೋ ನಕ್ಕರು. ಅವನ ತುಟಿಯೂ ಸ್ವಲ್ಪ ಸಡಿಲಾಯಿತು. ಆದರೆ ಮಗಳು ನಗಲಿಲ್ಲ. ನನ್ನ ರಟ್ಟೆ ಹಿಡಿದು ತನ್ನ ಕಡೆ ತಿರುಗಿಸಿದಳು. ಅವಳಲ್ಲಿ ಅಷ್ಟು ಬಲ ಉಳಿದಿದೆ ಎಂದು ನನಗೆ ಗೊತ್ತಿರಲಿಲ್ಲ.

‘ಇವರು ಪಾಪಿ ಅಂದ್ರು. ಅನ್ನಾಕ ಅದು ಒಂದು ಮನಷ್ಯಾ ಇರಬೇಕಲ್ಲವ್ವ? ನೀ ಅದನ್ನ ಮನಷ್ಯಾನೂ ಮಾಡಲಿಲ್ಲ. ಖಾಲಿ ಅಂದಿ. ನನ್ನ ಮಗನ್ನ ಹುಗದ ಜಾಗದಾಗ ಗೋವಿನಜೋಳ ಹಾಕಿದಿ.’

ಅದು ಅವಳಿಗೆ ಹೇಗೆ ಗೊತ್ತಾಯಿತೋ. ತನ್ನ ತಮ್ಮನನ್ನು ಕೇಳಿರಬೇಕು. ಕುರ್ಚಿ ಎತ್ತುತ್ತಿದ್ದವರು ನಿಂತರು. ಅವಳು ಪಾಸ್ಟರ ಕಡೆ ತಿರುಗಿ, ನನ್ನ ಕೂಸು ಎಲ್ಲಿದೆ, ಖರೇ ಹೇಳಿ, ಅಂದಳು. ಅವನು ಪುಸ್ತಕವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ.

‘ನನಗ ಗೊತ್ತಿಲ್ಲವ್ವ,’ ಅಂದ. ‘ಆದ್ರ ಅದರ ಮ್ಯಾಲೆ ದೇವರು ಸಿಟ್ಟಾಗ್ಯಾನ ಅಂತ ನಾ ಹೇಳೂದಿಲ್ಲ. ಹೇಳಿದವರು ತಪ್ಪು ಹೇಳ್ಯಾರ.’

ಆ ಜಾಗಕ್ಕೆ ಬಂದು ಪ್ರಾರ್ಥನೆ ಮಾಡುತ್ತೀರಾ ಎಂದು ಮಗಳು ಕೇಳಿದಳು. ಅವನು ನನ್ನ ಮುಖ ನೋಡಿದ. ಹೊಲ ನನ್ನದಲ್ಲವೇ. ಬರ್ರಿ, ಅಂದೆ.

ವಾರದೊಳಗೆ ಅಳಿಯ ಅವಳನ್ನು ಕರೆತಂದ, ಪಾಸ್ಟರು ಬೈಕಿನ ಮೇಲೆ ಬಂದ. ಗೋವಿನಜೋಳ ಮೊಣಕಾಲೆತ್ತರ ಎದ್ದಿತ್ತು. ಬದುವಿನಗುಂಟ ಎಲ್ಲ ಕಡೆ ಒಂದೇ ಹಸಿರು. ಜಾಗ ನೆನಪಿದೆಯೇ ಎಂದು ಮಗಳು ಕೇಳಿದ ದನಿಯಲ್ಲಿ, ಇಲ್ಲ ಅಂದರೆ ಈ ಜನ್ಮಕ್ಕೆ ನನ್ನ ಮನೆ ಹೊಸ್ತಿಲು ತುಳಿಯುವುದಿಲ್ಲ ಅನ್ನುವುದಿತ್ತು. ನನಗೆ ನೆನಪಿತ್ತು. ಬದು ಬಾಗುವ ಕಡೆ, ಹೊಂಗೆಯ ಬೇರಿನ ಈಚೆ. ದಿನಾ ಎಮ್ಮೆಗೆ ಹುಲ್ಲು ಕೊಯ್ಯಲು ಬಂದಾಗ ಅಲ್ಲಿ ಮಾತ್ರ ಕುಡುಗೋಲು ಹಾಕುತ್ತಿರಲಿಲ್ಲ. ಯಾಕೆಂದು ನನ್ನನ್ನು ನಾನೇ ಕೇಳಿಕೊಂಡಿರಲಿಲ್ಲ.

ತೋರಿಸಿದೆ. ಅವಳು ಕುಕ್ಕರಗಾಲಲ್ಲಿ ಕುಳಿತು ಅಲ್ಲಿನ ದಂಟುಗಳನ್ನು ಬೇರುಸಹಿತ ಕಿತ್ತಳು. ಯಾರೂ ತಡೆಯಲಿಲ್ಲ. ಪಾಸ್ಟರು ಕಣ್ಣು ಮುಚ್ಚಿ ಶುರು ಮಾಡಿದ, ತಂದೆಯೇ, ಪಾಪದಲ್ಲಿ ಹುಟ್ಟಿದ, ಅನ್ನುವಷ್ಟರಲ್ಲಿ ಮಗಳು ಕೈ ಎತ್ತಿದಳು.

‘ಆ ಮಾತು ಬ್ಯಾಡ್ರಿ.’

ಅವನು ಕಣ್ಣು ತೆರೆದು ಅವಳನ್ನು ನೋಡಿದ. ಇನ್ನು ಇವನು ಎದ್ದು ಹೋಗುತ್ತಾನೆ, ಇವಳು ಪೂರಾ ಮುರಿಯುತ್ತಾಳೆ ಅಂದುಕೊಂಡೆ. ಆಮೇಲೆ ಅವನು ಕೂಸಿನ ಹೆಸರೇನು ಎಂದು ಕೇಳಿದ. ಮಗಳು ಹೇಳಿದಳು. ಮನಸ್ಸಿನಲ್ಲಿ ಆಗಲೇ ಇಟ್ಟುಕೊಂಡಿದ್ದಳು, ನಾನು ಅದನ್ನು ಅವತ್ತೇ ಮೊದಲು ಕೇಳಿದ್ದು. ಆ ಹೆಸರು ಹಿಡಿದು ಅವನು ಪ್ರಾರ್ಥನೆ ಮಾಡಿದ. ಬೇರೆ ಮಾತು ಸೇರಿಸಲಿಲ್ಲ. ಹೊಂಗೆಯ ಬುಡದಿಂದ ಒಂದು ಕಲ್ಲು ತಂದು ನಾನೇ ನೆಟ್ಟೆ. ಐದು ದಿನವೂ ಬದುಕದ ಕೂಸಿಗೆ ನಮ್ಮ ಮನೆತನದಲ್ಲಿ ಯಾರೂ ಕಲ್ಲು ನೆಟ್ಟಿಲ್ಲ.

ಹುಟ್ಟಿನಲ್ಲಿ ಪಾಪ ಇರುತ್ತದೆ ಅನ್ನುವ ಮಾತನ್ನು ನಾನು ಇವತ್ತಿಗೂ ಒಪ್ಪಿಲ್ಲ. ಪಾಸ್ಟರೂ ಬಿಟ್ಟಿಲ್ಲ. ಮಗಳು ಅಲ್ಲಿಗೆ ಹೋಗುತ್ತಾಳೆ. ಅವತ್ತು ಬದುವಿನ ಮೇಲೆ ಕುಳಿತು ನಾನು ಕಟ್ಟಿಕೊಂಡು ಹೋಗಿದ್ದ ರೊಟ್ಟಿಯಲ್ಲಿ ಅರ್ಧ ತಿಂದಳು, ನನ್ನ ಜೊತೆ ಮಾತಾಡಲಿಲ್ಲ. ಉಳಿದ ಅರ್ಧ ನಾನು ತಿಂದೆ.

ಈ ಸಲ ಹೊಲ ಹೊಡೆಯಲು ಬಂದ ಟ್ರ್ಯಾಕ್ಟರಿನವನಿಗೆ, ಬದು ಬಾಗುವ ಕಡೆ ಕಲ್ಲು ಬಿಟ್ಟು ಹೊಡಿ ಅಂದೆ. ಕಿತ್ತು ಒಗೀಲೇನು, ಸಾಲು ನೆಟ್ಟಗ ಆಗ್ತೈತಿ, ಅಂದ.

‘ಬ್ಯಾಡ,’ ಅಂದೆ. ‘ಅಲ್ಲಿ ನಮ್ಮ ಮನಷ್ಯಾ ಅದಾನ.’